ಅಚ್ಚುಕಟ್ಟಿನ ಮೇಲೆ ಬೆಳೆದ ಮಹಾನಗರ: ಫೀನಿಕ್ಸ್ ನಗರದ ನೀರು ಮತ್ತು ನೆಲದ ಕಥೆ

ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿಯಾದ ಫೀನಿಕ್ಸ್‌ನ ಕೆಲವು ಹಳೆಯ ಬಡಾವಣೆಗಳಲ್ಲಿ ಬೇಸಿಗೆಯಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಮನೆಗಳ ಅಂಗಳಕ್ಕೆ ಕಾಲುವೆಯ ನೀರು ಹಾಯಿಸುತ್ತಾರೆ. ಯಾವ ಮನೆಗೆ ಎಷ್ಟು ಹೊತ್ತಿಗೆ ಎಂಬ ಸರದಿ ಮೊದಲೇ ಗೊತ್ತಾಗಿರುತ್ತದೆ. ಅದು ನಡುರಾತ್ರಿಯ ಎರಡು ಗಂಟೆಯೂ ಆಗಿರಬಹುದು. ಮನೆಯವರು ಎದ್ದು ಬಂದು ಹಿತ್ತಲಿನ ತೂಬು ತೆರೆದರೆ ಸುತ್ತಲೂ ಬದು ಕಟ್ಟಿದ ಹುಲ್ಲಿನ ಅಂಗಳದಲ್ಲಿ ನಾಲ್ಕಾರು ಅಂಗುಲ ನೀರು ನಿಂತು, ಕಿತ್ತಳೆ ಮತ್ತು ನಿಂಬೆ ಗಿಡಗಳ ಬುಡಕ್ಕೆ ಇಂಗುತ್ತದೆ. ದೊಡ್ಡ ನಾಲೆಯಿಂದ ಬಡಾವಣೆಯ ಕಡೆಗೆ ನೀರು ತಿರುಗಿಸುವ ನೌಕರನಿಗೆ ಅಲ್ಲಿ ಇಂದಿಗೂ ಸಾನ್‌ಹೇರೊ ಎಂಬ ಸ್ಪ್ಯಾನಿಷ್ ಹೆಸರಿದೆ. ನಮ್ಮ ಕೆರೆ, ನಾಲೆಗಳ ನೀರುಗಂಟಿ ಮಾಡುವ ಕೆಲಸವನ್ನೇ ಆತ ಮಾಡುತ್ತಾನೆ.

ವರ್ಷಕ್ಕೆ ಸುಮಾರು 18 ಸೆಂಟಿಮೀಟರ್ ಮಾತ್ರ ಮಳೆ ಬೀಳುವ ಊರಿನಲ್ಲಿ ಅಂಗಳಕ್ಕೆ ನೀರು ನಿಲ್ಲಿಸುವುದನ್ನು ಮೊದಲ ಸಲ ಕಂಡವರಿಗೆ ಇದು ಶುದ್ಧ ಪೋಲು ಎನ್ನಿಸುವುದು ಸಹಜ. ಆದರೆ ಅಲ್ಲಿ ಮನೆ ಇದೆ ಎಂಬ ಕಾರಣಕ್ಕೆ ಆ ನೀರು ಬರುತ್ತಿಲ್ಲ. ಆ ನೆಲ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೊಲವಾಗಿತ್ತು ಎಂಬ ಕಾರಣಕ್ಕೆ ಬರುತ್ತಿದೆ. ಹೊಲ ಹೋಗಿ ಮನೆ ಬಂದರೂ ಹೊಲದ ನೀರಿನ ಹಕ್ಕು ಆ ನೆಲವನ್ನು ಬಿಟ್ಟು ಹೋಗಿಲ್ಲ. 2020ರ ಜನಗಣತಿಯಲ್ಲಿ 16,08,139 ಜನರಿದ್ದು, ಅಮೆರಿಕದ ಐದನೆಯ ದೊಡ್ಡ ನಗರವೆನಿಸಿದ ಫೀನಿಕ್ಸ್ ಮರುಭೂಮಿಯ ನಡುವೆ ಹೇಗೆ ಬೆಳೆಯಿತು ಎಂಬ ಪ್ರಶ್ನೆಗೆ ಹವಾನಿಯಂತ್ರಣ ಯಂತ್ರ, ವಿಮಾನ ಕಾರ್ಖಾನೆ, ನಿವೃತ್ತರ ವಲಸೆ ಎಂಬ ಉತ್ತರಗಳನ್ನು ಸಾಮಾನ್ಯವಾಗಿ ಕೊಡುತ್ತಾರೆ. ಅವೆಲ್ಲ ನಿಜವೇ. ಆದರೆ ಅವು ಜನ ಏಕೆ ಬಂದರು ಎಂಬುದನ್ನು ಹೇಳುತ್ತವೆಯೇ ಹೊರತು, ಬಂದವರು ಏನು ಕುಡಿದು ಬದುಕಿದರು ಎಂಬುದನ್ನು ಹೇಳುವುದಿಲ್ಲ. ಫೀನಿಕ್ಸ್ ಬರಿಯ ಮರಳಿನ ಮೇಲೆ ಬೆಳೆದ ನಗರವಲ್ಲ. ಅದು ಬಹುಕಾಲ ಬೆಳೆದದ್ದು ಅಚ್ಚುಕಟ್ಟು ಪ್ರದೇಶದ ಮೇಲೆ, ಪೈರಿಗೆಂದು ತಂದ ನೀರನ್ನೇ ಕುಡಿದು. ಇದನ್ನು ಅರ್ಥ ಮಾಡಿಕೊಂಡರೆ ಆ ನಗರದ ನೂರೈವತ್ತು ವರ್ಷಗಳ ಏಳಿಗೆಯೂ, ಅದು ಇಂದು ಎದುರಿಸುತ್ತಿರುವ ಇಕ್ಕಟ್ಟೂ ಒಂದೇ ಎಳೆಯಲ್ಲಿ ಬಿಡಿಸಿಕೊಳ್ಳುತ್ತವೆ.

ನೆಲದ ಸ್ವರೂಪವನ್ನು ಮೊದಲು ನೋಡಬೇಕು. ಫೀನಿಕ್ಸ್ ಇರುವುದು ಸೊನೋರ ಮರುಭೂಮಿಯಲ್ಲಿ. ಆದರೆ ಅದರ ಈಶಾನ್ಯಕ್ಕೆ ಹಿಮ ಬೀಳುವ ಎತ್ತರದ ಬೆಟ್ಟಸಾಲುಗಳಿವೆ. ಸುಮಾರು 13,000 ಚದರ ಮೈಲಿ ಜಲಾನಯನ ಪ್ರದೇಶದ ನೀರನ್ನು ಸಾಲ್ಟ್ ಮತ್ತು ವರ್ಡಿ ಎಂಬ ಎರಡು ನದಿಗಳು ಹೊತ್ತು ತಂದು ಈ ಕಣಿವೆಗೆ ಇಳಿಸುತ್ತವೆ. ಕಣಿವೆಯ ನೆಲವೋ ನದಿಗಳು ಸಾವಿರಾರು ವರ್ಷ ತಂದು ಹರಡಿದ ಮೆಕ್ಕಲು ಮಣ್ಣು. ಚಪ್ಪಟೆಯಾಗಿದ್ದು ಪಶ್ಚಿಮದ ಕಡೆಗೆ ಮೆಲ್ಲನೆ ಇಳಿಜಾರಾಗಿದೆ. ಅಂದರೆ ಮಳೆಯೊಂದನ್ನು ಬಿಟ್ಟರೆ ಬೇಸಾಯಕ್ಕೆ ಬೇಕಾದ ಉಳಿದೆಲ್ಲವೂ ಅಲ್ಲಿತ್ತು.

ಇದನ್ನು ಮೊದಲು ಕಂಡುಕೊಂಡವರು ಯುರೋಪಿನಿಂದ ಬಂದವರಲ್ಲ. ಪುರಾತತ್ವಜ್ಞರು ಹೊಹೊಕಮ್ ಎಂದು ಕರೆಯುವ ಜನ ಸುಮಾರು ಒಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಕಣಿವೆಯಲ್ಲಿ ನೂರಾರು ಮೈಲಿ ಉದ್ದದ ಕಾಲುವೆಗಳನ್ನು ತೋಡಿ ಮೆಕ್ಕೆಜೋಳ, ಬೀನ್ಸ್, ಕುಂಬಳ ಮತ್ತು ಹತ್ತಿ ಬೆಳೆದರು. ಗಾಡಿ ಎಳೆಯುವ ಪ್ರಾಣಿಯಾಗಲಿ, ಲೋಹದ ಹಾರೆಯಾಗಲಿ ಅವರಲ್ಲಿರಲಿಲ್ಲ. ಕಲ್ಲು ಮತ್ತು ಮರದ ಸಲಕರಣೆಗಳಿಂದ ಅಗೆದ ಮಣ್ಣನ್ನು ಬುಟ್ಟಿಗಳಲ್ಲಿ ಹೊತ್ತು, ನೀರು ರಭಸವಾಗಿ ಹರಿದು ದಡ ಕೊಚ್ಚದಂತೆಯೂ, ನಿಧಾನವಾಗಿ ಹೂಳು ತುಂಬದಂತೆಯೂ ಇಳಿಜಾರನ್ನು ಹೊಂದಿಸಿ ಅವರು ಆ ಕಾಲುವೆಗಳನ್ನು ಕಟ್ಟಿದ್ದರು. ಸುಮಾರು 1450ರ ಹೊತ್ತಿಗೆ ಆ ದೊಡ್ಡ ವಸತಿಗಳು ಖಾಲಿಯಾದವು. ನೆರೆ, ಬರ, ಉಪ್ಪಾದ ಮಣ್ಣು, ಒಳಜಗಳ ಎಂದು ಕಾರಣಗಳನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ದಕ್ಷಿಣದ ಗೀಲಾ ನದಿಯ ದಡದಲ್ಲಿ ಬೇಸಾಯ ಮುಂದುವರಿಸಿದ ಅಕಿಮೆಲ್ ಓಓಧಮ್ ಜನ ಅವರನ್ನು ತಮ್ಮ ಪೂರ್ವಜರೆಂದೇ ಎಣಿಸುತ್ತಾರೆ. ಈ ಜನರ ಮಾತು ಮುಂದೆ ಮತ್ತೆ ಬರುತ್ತದೆ, ಏಕೆಂದರೆ ಅವರನ್ನು ಬಿಟ್ಟು ಫೀನಿಕ್ಸ್‌ನ ಇತಿಹಾಸ ಹೇಳುವುದು ನ್ಯಾಯವಲ್ಲ.

ಆಧುನಿಕ ಫೀನಿಕ್ಸ್ ಹುಟ್ಟಿದ್ದು ಮೇವಿನಿಂದ. 1865ರಲ್ಲಿ ಅಮೆರಿಕದ ಸೇನೆ ಕಣಿವೆಯ ಅಂಚಿನಲ್ಲಿ ಮೆಕ್‌ಡೊವೆಲ್ ಠಾಣೆಯನ್ನು ಸ್ಥಾಪಿಸಿದಾಗ ಅಲ್ಲಿನ ಕುದುರೆಗಳಿಗೆ ಹುಲ್ಲು ಬೇಕಾಯಿತು. ವಾಯವ್ಯದ ವಿಕನ್‌ಬರ್ಗ್ ಚಿನ್ನದ ಗಣಿಗಳ ಜನರಿಗೆ ಹಿಟ್ಟು ಬೇಕಾಯಿತು. ದೂರದಿಂದ ಗಾಡಿಗಳಲ್ಲಿ ಧಾನ್ಯ ತರಿಸುವುದು ಬಹಳ ದುಬಾರಿ. 1867ರಲ್ಲಿ ಜ್ಯಾಕ್ ಸ್ವಿಲಿಂಗ್ ಎಂಬ ಮಾಜಿ ಸೈನಿಕ ಮತ್ತು ಗಣಿಗಾರ ವಿಕನ್‌ಬರ್ಗ್‌ನಲ್ಲಿ ಕಾಲುವೆ ಕಂಪನಿಯೊಂದನ್ನು ಕಟ್ಟಿ, ಕೂಲಿಯವರೊಂದಿಗೆ ಸಾಲ್ಟ್ ನದಿಯ ದಡಕ್ಕೆ ಬಂದು ನಾಲೆ ತೋಡಲು ಶುರು ಮಾಡಿದ. ಹೂಳಿಹೋಗಿದ್ದ ಹೊಹೊಕಮ್ ಕಾಲುವೆಗಳ ಗುರುತು ನೆಲದ ಮೇಲೆ ಇನ್ನೂ ಸ್ಪಷ್ಟವಾಗಿತ್ತು. ಹೊಸಬರು ಹಲವು ಕಡೆ ಅದೇ ಜಾಡನ್ನು ಹಿಡಿದರು. ಮರುವರ್ಷವೇ ಗೋಧಿ, ಜವೆಗೋಧಿ ಕೊಯ್ಲಿಗೆ ಬಂದವು. ಕಾಲುವೆಯ ಪಕ್ಕದಲ್ಲಿ ಕುಂಬಳ ಹುಲುಸಾಗಿ ಬೆಳೆದದ್ದರಿಂದ ಆ ನೆಲೆಗೆ ಕೆಲಕಾಲ ಪಂಪ್ಕಿನ್‌ವಿಲ್, ಅಂದರೆ ಕುಂಬಳದೂರು, ಎಂಬ ಹೆಸರೂ ಇತ್ತು. ಅಳಿದ ನಾಗರಿಕತೆಯ ಬೂದಿಯಿಂದ ಹೊಸ ಊರು ಏಳುತ್ತದೆಂಬ ಅರ್ಥದಲ್ಲಿ, ಪುರಾಣದ ಹಕ್ಕಿಯ ನೆನಪಿಗೆ, ಫೀನಿಕ್ಸ್ ಎಂಬ ಹೆಸರನ್ನು ಸೂಚಿಸಿದವನು ಡ್ಯಾರೆಲ್ ಡುಪ್ಪಾ ಎಂಬ ವಲಸಿಗನೆಂದು ಹೇಳುತ್ತಾರೆ. 1870ರಲ್ಲಿ ಊರಿನ ನಿವೇಶನಗಳ ಸರ್ವೆ ನಡೆಯಿತು. 1881ರಲ್ಲಿ ಅದು ಅಧಿಕೃತವಾಗಿ ನಗರವಾಯಿತು. 1887ರಲ್ಲಿ ರೈಲು ಬಂತು, 1889ರಲ್ಲಿ ಅರಿಜೋನಾ ಪ್ರಾಂತದ ರಾಜಧಾನಿ ಪ್ರೆಸ್ಕಾಟ್‌ನಿಂದ ಇಲ್ಲಿಗೆ ಬದಲಾಯಿತು. 1900ರಲ್ಲಿ ಜನಸಂಖ್ಯೆ ಕೇವಲ 5,544.

ಇನ್ನು ಈ ಕಥೆಯ ನಿಜವಾದ ತಿರುಳಿಗೆ, ಅಂದರೆ ನೀರಿನ ಕಾನೂನಿಗೆ ಬರಬೇಕು. ಅಮೆರಿಕದ ಒಣ ಪಶ್ಚಿಮ ಭಾಗದಲ್ಲಿ ನದಿ ನೀರಿಗೆ ಒಂದು ಸರಳ ನಿಯಮವಿದೆ: ಮೊದಲು ಬಳಸಿದವನದು ಮೊದಲ ಹಕ್ಕು. ನದಿ ತುಂಬಿ ಹರಿದಾಗ ಎಲ್ಲರಿಗೂ ಸಿಗುತ್ತದೆ. ಬತ್ತಿದಾಗ ಹಳಬನಿಗೆ ಪೂರ್ತಿ ಸಿಕ್ಕ ಮೇಲೆಯೇ ಹೊಸಬನ ಸರದಿ. ಫೀನಿಕ್ಸ್ ಕಣಿವೆಯಲ್ಲಿ ಕಾಲುವೆ ಕಂಪನಿಗಳು ಹೆಚ್ಚಿದಂತೆ ಒಂದು ಪ್ರಶ್ನೆ ಎದ್ದಿತು. ಈ ಹಕ್ಕು ಯಾರದು? ಕಾಲುವೆ ತೋಡಿದ ಕಂಪನಿಯದೋ, ಹೊಲ ಉತ್ತವನದೋ? 1892ರಲ್ಲಿ ನ್ಯಾಯಾಧೀಶ ಜೋಸೆಫ್ ಕಿಬ್ಬಿ ಕೊಟ್ಟ ತೀರ್ಪು ನೀರು ಭೂಮಿಗೆ ಸೇರಿದ್ದೆಂದು ಸಾರಿತು. ಕಂಪನಿಗಳು ನೀರನ್ನು ಸಾಗಿಸಬಹುದು, ಆದರೆ ಅದನ್ನು ಭೂಮಿಯಿಂದ ಬೇರ್ಪಡಿಸಿ ಸರಕಿನಂತೆ ಮಾರುವಂತಿಲ್ಲ. 1910ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಕೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಣಿವೆಯ ಒಂದೊಂದು ಹಿಡುವಳಿಗೂ ಅಲ್ಲಿ ಮೊದಲು ಬೇಸಾಯ ನಡೆದ ವರ್ಷವನ್ನು ಗುರುತಿಸಿ, ಆ ವರ್ಷದ ಪ್ರಕಾರ ನೀರಿನ ಸರದಿಯನ್ನು ನಿಗದಿ ಮಾಡಿದರು. ಕೆಂಟ್ ತೀರ್ಪೆಂದು ಕರೆಯುವ ಈ ಪಟ್ಟಿ ಇಂದಿಗೂ ಜಾರಿಯಲ್ಲಿದೆ. ನನ್ನ ಎಣಿಕೆಯಲ್ಲಿ ಫೀನಿಕ್ಸ್‌ನ ಭೂಪಟವನ್ನು ಯಾವ ನಗರ ಯೋಜಕನಿಗಿಂತಲೂ ಹೆಚ್ಚಾಗಿ ರೂಪಿಸಿದ್ದು ಈ ಎರಡು ತೀರ್ಪುಗಳೇ. 1870ರ ದಶಕದಲ್ಲಿ ಯಾರೋ ಒಬ್ಬ ರೈತ ಗೋಧಿ ಬಿತ್ತಿದ ನೆಲದ ಮೇಲೆ ಇಂದು ಆಸ್ಪತ್ರೆಯಿದ್ದರೂ, ಶಾಲೆಯಿದ್ದರೂ, ಆ ಬಿತ್ತನೆಯ ವರ್ಷವೇ ಆ ನೆಲದ ನೀರಿನ ಭದ್ರತೆಯನ್ನು ನಿರ್ಧರಿಸುತ್ತದೆ.

ಹಕ್ಕಿದ್ದರೆ ಸಾಲದು, ನೀರೂ ಇರಬೇಕು. 1891ರ ಫೆಬ್ರವರಿಯಲ್ಲಿ ಸಾಲ್ಟ್ ನದಿಗೆ ಬಂದ ಭಾರಿ ನೆರೆ ಊರಿನ ತಗ್ಗು ಭಾಗವನ್ನು ಕೊಚ್ಚಿಹಾಕಿತು. ಅದೇ ದಶಕದ ಕೊನೆಗೆ ಶುರುವಾದ ಬರ ಹಲವು ವರ್ಷ ಮುಂದುವರಿದು ಸಾವಿರಾರು ಎಕರೆ ಪಾಳುಬಿತ್ತು. ಹೀಗೆ ಒಂದು ವರ್ಷ ಉಕ್ಕಿ, ಇನ್ನೊಂದು ವರ್ಷ ಒಣಗುವ ನದಿಗೆ ಅಣೆಕಟ್ಟೇ ಪರಿಹಾರವೆಂದು ರೈತರಿಗೆ ಗೊತ್ತಿತ್ತು, ಹಣವಿರಲಿಲ್ಲ. 1902ರಲ್ಲಿ ಒಣಭೂಮಿಗೆ ನೀರೊದಗಿಸಲು ಕೇಂದ್ರ ಸರ್ಕಾರವೇ ಸಾಲ ಕೊಡುವ ಕಾಯ್ದೆ ಬಂದಾಗ ಕಣಿವೆಯ ರೈತರು ತಡ ಮಾಡಲಿಲ್ಲ. 1903ರ ಫೆಬ್ರವರಿಯಲ್ಲಿ ನೀರು ಬಳಕೆದಾರರ ಸಂಘವನ್ನು ಕಟ್ಟಿ, ಎರಡು ಲಕ್ಷಕ್ಕೂ ಹೆಚ್ಚು ಎಕರೆ ಸ್ವಂತ ಭೂಮಿಯನ್ನು ಸಾಲಕ್ಕೆ ಒತ್ತೆಯಾಗಿ ಬರೆದುಕೊಟ್ಟರು. ಸಾಲ್ಟ್ ನದಿಗೆ ಅಡ್ಡಲಾಗಿ 280 ಅಡಿ ಎತ್ತರದ ಕಲ್ಲುಕಟ್ಟಡದ ಅಣೆಕಟ್ಟು ಎದ್ದಿತು. 1911ರ ಮಾರ್ಚ್ 18ರಂದು ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಬಂದು ತಮ್ಮ ಹೆಸರಿನ ಅಣೆಕಟ್ಟನ್ನು ಉದ್ಘಾಟಿಸಿದರು. 1996ರಲ್ಲಿ ಇನ್ನೂ 77 ಅಡಿ ಎತ್ತರಿಸಿದ ಮೇಲೆ ಅದರ ಸಂಗ್ರಹ ಸಾಮರ್ಥ್ಯ ಸುಮಾರು 16.5 ಲಕ್ಷ ಎಕರೆ ಅಡಿ. ಒಂದು ಎಕರೆಯ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುವ ನೀರೇ ಒಂದು ಎಕರೆ ಅಡಿ. ನಮಗೆ ರೂಢಿಯಿರುವ ಲೆಕ್ಕದಲ್ಲಿ ಹೇಳುವುದಾದರೆ ರೂಸ್‌ವೆಲ್ಟ್ ಜಲಾಶಯ ಸುಮಾರು 72 ಟಿಎಂಸಿ ನೀರು ಹಿಡಿಯುತ್ತದೆ. ಕೃಷ್ಣರಾಜಸಾಗರದ ಸಾಮರ್ಥ್ಯ ಸುಮಾರು 49 ಟಿಎಂಸಿ.

ರೈತರ ಆ ಸಂಘವೇ ಮುಂದೆ ಸಾಲ್ಟ್ ರಿವರ್ ಪ್ರಾಜೆಕ್ಟ್ ಎಂಬ ದೈತ್ಯ ಸಂಸ್ಥೆಯಾಯಿತು. ಅಣೆಕಟ್ಟಿನ ಜೊತೆಗೆ ವಿದ್ಯುತ್ತೂ ಬಂತು. ಗಣಿಗಳಿಗೂ ಊರಿಗೂ ವಿದ್ಯುತ್ ಮಾರಿ ಬಂದ ಹಣದಿಂದ ಹೊಲದ ನೀರಿನ ದರವನ್ನು ತಗ್ಗಿಸಿಟ್ಟದ್ದು ಆ ಸಂಸ್ಥೆಯ ಮುಖ್ಯ ಉಪಾಯ. ಆಡಳಿತ ಮಂಡಳಿಯ ಚುನಾವಣೆಯಲ್ಲಿ ಮತದ ತೂಕ ಎಕರೆಯ ಲೆಕ್ಕದಲ್ಲಿತ್ತು. ಅಂದರೆ ನೂರು ಎಕರೆಯ ಒಡೆಯನಿಗೆ ನೂರು ಮತ, ಕಾಲು ಎಕರೆ ನಿವೇಶನದವನಿಗೆ ಕಾಲು ಮತ. ವಿದ್ಯುತ್ ಗ್ರಾಹಕರಲ್ಲಿ ಬಹುಪಾಲು ಜನ ನಗರವಾಸಿಗಳಾದ ಮೇಲೂ ಈ ಪದ್ಧತಿ ಮುಂದುವರಿದದ್ದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1981ರಲ್ಲಿ ನ್ಯಾಯಾಲಯ ಆ ಪದ್ಧತಿಯನ್ನೇ ಎತ್ತಿಹಿಡಿಯಿತು.

ನೀರು ನಿಶ್ಚಿತವಾದ ಮೇಲೆ ಬೆಳೆಗಳು ಬದಲಾದವು. ಮೊದಲ ಮಹಾಯುದ್ಧದ ಸಮಯದಲ್ಲಿ ಟೈರಿನ ಒಳಪದರಕ್ಕೆ ಉದ್ದ ಎಳೆಯ ಹತ್ತಿ ಬೇಕಾಗಿ, ಗುಡ್‌ಇಯರ್ ಕಂಪನಿಯೇ ಇಲ್ಲಿ ಸಾವಿರಾರು ಎಕರೆ ಖರೀದಿಸಿ ಹತ್ತಿ ಬಿತ್ತಿಸಿತು. ಬೆಲೆ ಏರಿದ್ದನ್ನು ಕಂಡ ರೈತರು ಹಾಲಿನ ಹಸುಗಳನ್ನು ಮಾರಿ, ಮೇವಿನ ಹೊಲಗಳನ್ನು ಉತ್ತು, ಎಲ್ಲೆಲ್ಲೂ ಹತ್ತಿಯನ್ನೇ ಹಾಕಿದರು. ಯುದ್ಧ ಮುಗಿದು 1920ರ ಕೊನೆಗೆ ಬೆಲೆ ಕುಸಿದಾಗ ಅವರ ಪಾಡು ಹೇಳತೀರದಾಯಿತು. ಹತ್ತಿ ಬಿಡಿಸಲು ಕರೆತಂದಿದ್ದ ಮೆಕ್ಸಿಕೊದ ಕೂಲಿಕಾರರು ಕೂಲಿಯಿಲ್ಲದೆ ಬೀದಿಗೆ ಬಿದ್ದರು. ಒಂದೇ ಬೆಳೆಯನ್ನು ನೆಚ್ಚಿಕೊಂಡ ಯಾವ ಸೀಮೆಯ ರೈತನಿಗೂ ಈ ಸಂಕಟ ಅಪರಿಚಿತವಲ್ಲ. ಆಮೇಲೆ ಕಿತ್ತಳೆ, ಚಕ್ಕೋತ, ತರಕಾರಿಗಳು ಹರಡಿದವು. ಇಲ್ಲಿ ಭಾರತೀಯರ ಒಂದು ಸಣ್ಣ ಅಧ್ಯಾಯವೂ ಇದೆ. ಏಷ್ಯಾದಿಂದ ಬಂದ ರೈತರು ಜಮೀನು ಹೊಂದದಂತೆ 1921ರಲ್ಲಿ ಅರಿಜೋನಾ ಕಾನೂನು ಮಾಡಿತ್ತು; 1934ರಲ್ಲಿ ಜಪಾನೀ ಮತ್ತು ಭಾರತೀಯ ಮೂಲದ ರೈತರನ್ನು ಸಾಲ್ಟ್ ನದಿಯ ಕಣಿವೆಯಿಂದ ಹೊರಹಾಕಲು ಬಿಳಿಯ ರೈತರು ಬೆದರಿಕೆ, ಹಿಂಸೆಗಳ ದಾರಿ ಹಿಡಿದರು.

ಇದಕ್ಕಿಂತ ದೊಡ್ಡ ಅನ್ಯಾಯ ಗೀಲಾ ನದಿಯ ದಡದಲ್ಲಿ ನಡೆದಿತ್ತು. ಅಕಿಮೆಲ್ ಓಓಧಮ್ ಎಂದರೆ ನದಿಯ ಜನ ಎಂದರ್ಥ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅವರು ಗೋಧಿಯನ್ನು ಹೇರಳವಾಗಿ ಬೆಳೆದು, ಕ್ಯಾಲಿಫೋರ್ನಿಯಾದ ಚಿನ್ನಕ್ಕಾಗಿ ಹೊರಟ ದಾರಿಹೋಕರಿಗೂ ಸೇನೆಗೂ ಮಾರುತ್ತಿದ್ದರು. ಮೊದಲು ಬಳಸಿದವನದು ಮೊದಲ ಹಕ್ಕು ಎಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರೆ ಈ ಇಡೀ ಸೀಮೆಯಲ್ಲಿ ಅವರದೇ ಮೊದಲ ಹೆಸರಾಗಬೇಕಿತ್ತು. ಆದರೆ ಮೇಲ್ದಂಡೆಯಲ್ಲಿ ನೆಲೆಸಿದ ಹೊಸ ರೈತರು 1870 ಮತ್ತು 1880ರ ದಶಕಗಳಲ್ಲಿ ಗೀಲಾ ನದಿಯನ್ನು ತಿರುಗಿಸಿಕೊಂಡರು. ಕೆಳದಂಡೆಯ ಹೊಲಗಳು ಒಣಗಿದವು, ಹಸಿವು ಬಂತು, ಜನ ಕಾಡಿನ ಮೆಸ್ಕೀಟ್ ಮರಗಳನ್ನು ಕಡಿದು ಸೌದೆ ಮಾರಿ ಹೊಟ್ಟೆ ಹೊರೆಯಬೇಕಾಯಿತು. ಈ ತಪ್ಪನ್ನು ಕಾನೂನಿನ ಮೂಲಕ ಸರಿಪಡಿಸಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 2004ರ ಒಪ್ಪಂದದ ಕಾಯ್ದೆಯಿಂದ ಗೀಲಾ ನದಿ ಸಮುದಾಯಕ್ಕೆ ವರ್ಷಕ್ಕೆ 6,53,500 ಎಕರೆ ಅಡಿ, ಅಂದರೆ ಸುಮಾರು 28 ಟಿಎಂಸಿ ನೀರಿನ ಹಕ್ಕು ದೊರೆಯಿತು. ಆ ಸಮುದಾಯ ಇಂದು ಹೊಸ ಕಾಲುವೆಗಳನ್ನು ಕಟ್ಟಿ ಬೇಸಾಯಕ್ಕೆ ಮರಳಿದೆ. ಗುಜರಾತಿನಲ್ಲಿ ಮೊದಲು ಮಾಡಿದಂತೆ ಕಾಲುವೆಯ ಮೇಲೆ ಸೌರ ಫಲಕಗಳನ್ನು ಹೊದಿಸಿ, ಅಮೆರಿಕದಲ್ಲಿ ಆ ಕೆಲಸ ಮಾಡಿದ ಮೊದಲಿಗರಲ್ಲಿ ಒಂದೆನಿಸಿದೆ. ಒಂದು ಕಾಲಕ್ಕೆ ನೀರಿಲ್ಲದೆ ಹಸಿದವರು ಈಗ ಫೀನಿಕ್ಸ್ ಸುತ್ತಲಿನ ನಗರಗಳಿಗೆ ನೀರು ಗುತ್ತಿಗೆ ಕೊಡಬಲ್ಲ ಸ್ಥಾನದಲ್ಲಿದ್ದಾರೆ.

ನಗರದ ಸ್ಫೋಟಕ ಬೆಳವಣಿಗೆ ಎರಡನೆಯ ಮಹಾಯುದ್ಧದ ನಂತರದ್ದು. ಸ್ವಚ್ಛ ಆಕಾಶದ ಕಾರಣ ವಾಯುಸೇನೆಯ ತರಬೇತಿ ನೆಲೆಗಳು ಬಂದವು, 1949ರಲ್ಲಿ ಮೊಟೊರೋಲಾ ತನ್ನ ಪ್ರಯೋಗಾಲಯ ತೆರೆಯಿತು, ಅಗ್ಗದ ಹವಾನಿಯಂತ್ರಣ ಯಂತ್ರಗಳು ಮನೆಮನೆಗೂ ಬಂದವು. 1950ರಲ್ಲಿ 1,06,818 ಇದ್ದ ಜನಸಂಖ್ಯೆ 1960ರಲ್ಲಿ 4,39,170 ಆಯಿತು. ಸುಮಾರು 17 ಚದರ ಮೈಲಿಯಿದ್ದ ನಗರ ಅದೇ ಹತ್ತು ವರ್ಷದಲ್ಲಿ ಸುತ್ತಲಿನ ಊರುಗಳನ್ನು ಸೇರಿಸಿಕೊಂಡು 187 ಚದರ ಮೈಲಿಯಾಯಿತು. ಇಷ್ಟು ಜನರಿಗೆ ನೀರೆಲ್ಲಿಂದ ಬಂತು ಎಂಬುದಕ್ಕೆ ಉತ್ತರ 1952ರ ಒಂದು ಒಪ್ಪಂದದಲ್ಲಿದೆ. ಹೊಲವನ್ನು ನಿವೇಶನಗಳಾಗಿ ಒಡೆದಾಗ ಆ ನೆಲದ ಮೇಲಿನ ವಾರ್ಷಿಕ ನೀರುಕಂದಾಯವನ್ನು ನಗರಪಾಲಿಕೆಯೇ ರೈತರ ಸಂಘಕ್ಕೆ ಕಟ್ಟುತ್ತದೆ; ಬದಲಿಗೆ ಆ ಹೊಲಕ್ಕೆ ಬರಬೇಕಾದ ನೀರನ್ನು ತನ್ನ ಶುದ್ಧೀಕರಣ ಘಟಕಕ್ಕೆ ತೆಗೆದುಕೊಂಡು, ಅದೇ ನೆಲದ ಮನೆಗಳಿಗೆ ನಲ್ಲಿಯಲ್ಲಿ ಕೊಡುತ್ತದೆ. ನಾಲೆ ಅದೇ, ಜಲಾಶಯ ಅದೇ, ಹಕ್ಕೂ ಅದೇ. ತೂಬಿನ ಆಚೆ ಹತ್ತಿಯ ಬದಲು ಮನೆಯಿದೆ, ಅಷ್ಟೇ.

ಈ ಲೆಕ್ಕ ಏಕೆ ಹೊಂದುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ನಮ್ಮ ಹೈನುಗಾರರು ಕುದುರೆ ಮೆಂತೆ ಎನ್ನುವ ಅಲ್ಫಾಲ್ಫಾ ಮೇವಿನ ಬೆಳೆಗೆ ಈ ಬಿಸಿಲಿನಲ್ಲಿ ಎಕರೆಗೆ ವರ್ಷಕ್ಕೆ ಐದಾರು ಎಕರೆ ಅಡಿ ನೀರು ಬೇಕು. ಒಂದು ಎಕರೆ ಅಡಿ ನೀರು ಅಲ್ಲಿನ ಸುಮಾರು ಮೂರು ಕುಟುಂಬಗಳಿಗೆ ಒಂದು ವರ್ಷಕ್ಕೆ ಸಾಕು. ಸಾಮಾನ್ಯ ಬಡಾವಣೆಯಲ್ಲಿ ಎಕರೆಗೆ ನಾಲ್ಕೈದು ಮನೆಗಳಿರುತ್ತವೆ. ಹಾಗಾಗಿ ಮೇವಿನ ಹೊಲವೊಂದು ಬಡಾವಣೆಯಾದರೆ ನೀರಿನ ಬಳಕೆ ಏರುವುದಿಲ್ಲ, ಇಳಿಯುತ್ತದೆ. ಮನೆಯೊಳಗೆ ಬಳಸಿದ ನೀರು ಒಳಚರಂಡಿಯ ಮೂಲಕ ಮರಳಿ ಸಿಗುತ್ತದೆ ಕೂಡ. ಫೀನಿಕ್ಸ್‌ನ ಪಶ್ಚಿಮದಲ್ಲಿರುವ ಪಾಲೊ ವರ್ಡೆ ಅಣುವಿದ್ಯುತ್ ಸ್ಥಾವರವನ್ನು ತಣಿಸುವುದು ನದಿಯಲ್ಲ, ಸಮುದ್ರವೂ ಅಲ್ಲ, ನಗರದ ಶುದ್ಧೀಕರಿಸಿದ ಕೊಳಚೆ ನೀರು. ಅರಿಜೋನಾ ರಾಜ್ಯದ ಜನಸಂಖ್ಯೆ 1950ರ ದಶಕಕ್ಕೆ ಹೋಲಿಸಿದರೆ ಹಲವು ಪಟ್ಟು ಹೆಚ್ಚಿದ್ದರೂ, ರಾಜ್ಯ ಒಟ್ಟಾರೆ ಬಳಸುವ ನೀರು ಆಗಿನದಕ್ಕಿಂತ ಹೆಚ್ಚಿಲ್ಲ. ಇಂದಿಗೂ ಆ ನೀರಿನಲ್ಲಿ ಸುಮಾರು ಶೇ 70ರಷ್ಟು ಹೋಗುವುದು ಬೇಸಾಯಕ್ಕೇ.

ಹೊಲ ನಗರವಾದ ಬಗೆಯನ್ನು ಕಣ್ಣಾರೆ ಕಾಣಬೇಕಾದರೆ ಫೀನಿಕ್ಸ್‌ನ ಆಗ್ನೇಯಕ್ಕಿರುವ ಗಿಲ್ಬರ್ಟ್ ಊರನ್ನು ನೋಡಬೇಕು. 1902ರಲ್ಲಿ ರೈಲುದಾರಿಗೆ ಜಾಗ ಕೊಟ್ಟ ರೈತನ ಹೆಸರನ್ನೇ ಹೊತ್ತ ಆ ನಿಲ್ದಾಣದಿಂದ ಒಣ ಮೇವಿನ ಪೆಂಡಿಗಳು ರೈಲೇರಿ ದೇಶಕ್ಕೆಲ್ಲ ಹೋಗುತ್ತಿದ್ದವು. 1920ರ ದಶಕದವರೆಗೂ ಅದಕ್ಕೆ ಜಗತ್ತಿನ ಮೇವಿನ ರಾಜಧಾನಿ ಎಂಬ ಬಿರುದಿತ್ತು. 1970ರಲ್ಲಿ ಅಲ್ಲಿದ್ದವರು 1,971 ಜನ, ಊರಿನ ವಿಸ್ತೀರ್ಣ ಸುಮಾರು ಒಂದು ಚದರ ಮೈಲಿ. ನೆರೆಯ ಮೇಸಾ ಮತ್ತು ಚಾಂಡ್ಲರ್ ನಗರಗಳು ತಮ್ಮನ್ನು ನುಂಗಿಬಿಡುತ್ತವೆಂದು ಅಂಜಿದ ಊರಿನ ಆಡಳಿತ 1970ರ ದಶಕದ ನಡುವಿನಲ್ಲಿ ಸುತ್ತಲಿನ ಸುಮಾರು 53 ಚದರ ಮೈಲಿ ಪ್ರದೇಶವನ್ನು ಪಟ್ಟಿಯಾಕಾರದಲ್ಲಿ ಬಳಸಿ ತನ್ನ ಗಡಿಯೊಳಗೆ ತಂದುಕೊಂಡಿತು. ಆ ಗಡಿಯೊಳಗಿದ್ದುದೆಲ್ಲ ಹತ್ತಿ, ಮೇವು ಮತ್ತು ಹೈನುಗಾರಿಕೆಯ ಭೂಮಿ. ಮುಂದಿನ ಬಡಾವಣೆಗಳಿಗೆ ಜಾಗವೂ ಅದೇ ಆಯಿತು. ಜನಸಂಖ್ಯೆ 1980ರಲ್ಲಿ 5,717, 2000ದಲ್ಲಿ 1,09,697, 2020ರಲ್ಲಿ 2,67,918. ಇಷ್ಟಾದರೂ ಗಿಲ್ಬರ್ಟ್ ಕಾನೂನಿನ ಪ್ರಕಾರ ಇನ್ನೂ ನಗರವಲ್ಲ, ಪಟ್ಟಣ. ಅಲ್ಲಿನ ನೇರ ರಸ್ತೆಗಳು ಹಳೆಯ ಹೊಲಗಳ ಚೌಕಗಳನ್ನೇ ಅನುಸರಿಸಿ ಮೈಲಿಗೊಂದರಂತೆ ಸಾಗುತ್ತವೆ. ಬಡಾವಣೆಗಳ ಹಿಂದೆ ನಾಲೆಗಳು ಇನ್ನೂ ಹರಿಯುತ್ತವೆ. ಪಕ್ಕದ ಚಾಂಡ್ಲರ್‌ನ ಚಿಪ್ ಕಾರ್ಖಾನೆಗಳಲ್ಲಿ ದುಡಿಯುತ್ತ ಈ ಸುತ್ತಿನಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ನಾಲೆದಂಡೆಗಳು ಪ್ರತಿದಿನದ ವಾಯುವಿಹಾರದ ದಾರಿಗಳು.

ಫೀನಿಕ್ಸ್‌ನ ಮೇರಿವೇಲ್ ಬಡಾವಣೆ, 1960ರ ಜನವರಿ 1ರಂದು ತೆರೆದ ನಿವೃತ್ತರ ಊರಾದ ಸನ್ ಸಿಟಿ, ಇವೂ ಬೇಸಾಯದ ಭೂಮಿಯ ಮೇಲೆಯೇ ಎದ್ದವು. ಆದರೆ ಸನ್ ಸಿಟಿಯಂಥವು ಸಾಲ್ಟ್ ನದಿಯ ಅಚ್ಚುಕಟ್ಟಿನ ಹೊರಗಿದ್ದವು. ಅಲ್ಲಿನ ಹತ್ತಿ ಬೆಳೆದದ್ದು ಕೊಳವೆಬಾವಿಯ ನೀರಿನಿಂದ. ಕಥೆ ತಿರುವು ಪಡೆಯುವುದು ಇಲ್ಲಿಯೇ. ಅಚ್ಚುಕಟ್ಟು ಸುಮಾರು ಎರಡೂವರೆ ಲಕ್ಷ ಎಕರೆಯಷ್ಟೇ ಇದೆ. ಅದರಾಚೆಗೆ ನದಿಯ ಹಕ್ಕಿಲ್ಲ. ಅಲ್ಲಿ ರೈತರೂ ಊರುಗಳೂ ಅಂತರ್ಜಲವನ್ನೇ ಎತ್ತಿದವು, ಮಳೆ ತುಂಬಿಸಿಕೊಡುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ. ಫೀನಿಕ್ಸ್‌ನ ಪಶ್ಚಿಮದ ಲ್ಯೂಕ್ ವಾಯುನೆಲೆಯ ಬಳಿ ನೆಲವೇ ಸುಮಾರು 18 ಅಡಿ ಕುಸಿದಿದೆ. ಒಳಗಿನ ನೀರು ಬಸಿದುಹೋದ ಮೇಲೆ ಮಣ್ಣಿನ ಪದರಗಳು ಒತ್ತಿಕೊಂಡು ಕೂತುಬಿಡುತ್ತವೆ. ಹಾಗೆ ಒತ್ತಿಕೊಂಡ ಪದರಗಳು ಮತ್ತೆ ನೀರು ಬಂದರೂ ಮೊದಲಿನಷ್ಟು ಹಿಡಿಯುವುದಿಲ್ಲ.

ಇದಕ್ಕೆ ಪರಿಹಾರವೆಂದು ದಶಕಗಳ ಕಾಲ ಕನಸಿದ್ದು ರಾಜ್ಯದ ಪಶ್ಚಿಮ ಗಡಿಯಲ್ಲಿ ಹರಿಯುವ, ಕ್ಯಾಲಿಫೋರ್ನಿಯಾವೂ ಹಂಚಿಕೊಳ್ಳುವ ಕೊಲರಾಡೊ ನದಿಯನ್ನು. 1968ರಲ್ಲಿ ಕಾಯ್ದೆಯಾಗಿ, 1973ರಲ್ಲಿ ಕೆಲಸ ಶುರುವಾಗಿ, 1985ರಲ್ಲಿ ಫೀನಿಕ್ಸ್‌ಗೆ ನೀರು ತಂದು, 1993ರಲ್ಲಿ ದಕ್ಷಿಣದ ಟೂಸಾನ್ ನಗರದ ಆಚೆಗೆ ಮುಗಿದ ಸೆಂಟ್ರಲ್ ಅರಿಜೋನಾ ಪ್ರಾಜೆಕ್ಟ್ ನಾಲೆಯ ಉದ್ದ 336 ಮೈಲಿ. ಅದು ನೀರನ್ನು ಪಂಪುಗಳಿಂದ ಹಂತಹಂತವಾಗಿ ಸುಮಾರು 900 ಮೀಟರ್ ಮೇಲೆತ್ತುತ್ತದೆ. ವರ್ಷಕ್ಕೆ ಸುಮಾರು 15 ಲಕ್ಷ ಎಕರೆ ಅಡಿ, ಅಂದರೆ 65 ಟಿಎಂಸಿ, ಅದರ ಗುರಿಯಾಗಿತ್ತು. ಈ ನಾಲೆಗಾಗಿ ಅರಿಜೋನಾ ಎರಡು ದೊಡ್ಡ ಬೆಲೆ ತೆತ್ತಿತು. ಒಂದು, ಸಂಸತ್ತಿನಲ್ಲಿ ಕ್ಯಾಲಿಫೋರ್ನಿಯಾದ ಬೆಂಬಲ ಪಡೆಯಲು, ಬರ ಬಂದಾಗ ತನ್ನ ಈ ನಾಲೆಯ ನೀರನ್ನೇ ಮೊದಲು ಕಡಿತ ಮಾಡಬಹುದೆಂದು ಒಪ್ಪಿಕೊಂಡಿತು. ಎರಡು, ಕೇಂದ್ರ ಸರ್ಕಾರದ ಒತ್ತಡಕ್ಕೆ ಮಣಿದು 1980ರಲ್ಲಿ ಕಠಿಣ ಅಂತರ್ಜಲ ಕಾಯ್ದೆ ತಂದಿತು. ಮೊದಲನೆಯದು ಸೋಲು, ಎರಡನೆಯದು ನನ್ನ ದೃಷ್ಟಿಯಲ್ಲಿ ಅರಿಜೋನಾ ಮಾಡಿದ ಅತ್ಯಂತ ವಿವೇಕದ ಕೆಲಸ. ಆ ಕಾಯ್ದೆಯ ಪ್ರಕಾರ ಫೀನಿಕ್ಸ್ ಸೇರಿದಂತೆ ಗುರುತಿಸಿದ ಪ್ರದೇಶಗಳಲ್ಲಿ ಹೊಸದಾಗಿ ಯಾವ ಭೂಮಿಯನ್ನೂ ನೀರಾವರಿಗೆ ತರುವಂತಿಲ್ಲ. ಹೊಸ ಬಡಾವಣೆ ಕಟ್ಟುವವರು ನೂರು ವರ್ಷಕ್ಕೆ ಸಾಲುವಷ್ಟು ನೀರಿದೆಯೆಂದು ಮೊದಲೇ ತೋರಿಸಬೇಕು. ಕೊಳವೆಬಾವಿಗೆ ಲಗಾಮಿಲ್ಲದೆ ಬೆಳೆಯುತ್ತಿರುವ ನಗರಗಳಲ್ಲಿ ಇರುವವರಿಗೆ ಇಂಥದೊಂದು ನಿಯಮದ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ತೆತ್ತ ಮೊದಲ ಬೆಲೆಯ ಪರಿಣಾಮ 2021ರಲ್ಲಿ ಕಾಣಿಸಿತು. ಕೊಲರಾಡೊ ನದಿಯ ಮೀಡ್ ಜಲಾಶಯದ ಮಟ್ಟ ಕುಸಿದು, ಆ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇತಿಹಾಸದಲ್ಲೇ ಮೊದಲ ಬಾರಿಗೆ ಕೊಲರಾಡೊ ನದಿಯ ಕೆಳದಂಡೆಗೆ ಅಧಿಕೃತ ಕೊರತೆ ಘೋಷಿಸಿತು. 2022ಕ್ಕೆ ಅರಿಜೋನಾ 5,12,000 ಎಕರೆ ಅಡಿ ಕಳೆದುಕೊಂಡಿತು. ಏಟು ಮೊದಲು ಬಿದ್ದದ್ದು ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಪಿನಾಲ್ ಜಿಲ್ಲೆಯ ರೈತರಿಗೆ. ಅವರು ಅಗ್ಗದ ನೀರಿಗಾಗಿ 2004ರಲ್ಲಿ ತಮ್ಮ ದೀರ್ಘಾವಧಿಯ ಹಕ್ಕನ್ನು ಬಿಟ್ಟುಕೊಟ್ಟು ಸಾಲಿನ ಕೊನೆಗೆ ನಿಂತಿದ್ದರು. ಎಷ್ಟೋ ಹತ್ತಿ ಹೊಲಗಳು ಬಿತ್ತನೆಯಿಲ್ಲದೆ ಉಳಿದವು. ಮರುವರ್ಷ, 2023ರ ಜೂನ್‌ನಲ್ಲಿ, ನೂರು ವರ್ಷದ ಲೆಕ್ಕ ಹಾಕಿದ ರಾಜ್ಯದ ಜಲಸಂಪನ್ಮೂಲ ಇಲಾಖೆ ಫೀನಿಕ್ಸ್ ಪ್ರದೇಶದ ಅಂತರ್ಜಲದಲ್ಲಿ ಬೇಡಿಕೆಯ ಶೇ 4ರಷ್ಟು, ಅಂದರೆ 48 ಲಕ್ಷ ಎಕರೆ ಅಡಿಗೂ ಹೆಚ್ಚು ನೀರು ಸಾಲದಾಗುತ್ತದೆಂದು ಕಂಡು, ಅಂತರ್ಜಲವೊಂದನ್ನೇ ನಂಬಿದ ಹೊಸ ಬಡಾವಣೆಗಳಿಗೆ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿತು. ಹೊರಗಿನ ಪತ್ರಿಕೆಗಳಲ್ಲಿ ಇದು ಫೀನಿಕ್ಸ್‌ಗೆ ನೀರು ಮುಗಿಯಿತು ಎಂಬಂತೆ ಬಂದಿತು. ನಿಜವಾಗಿ ತಡೆ ಬಿದ್ದದ್ದು ಬಕೈ, ಕ್ವೀನ್ ಕ್ರೀಕ್‌ನಂಥ ಅಂಚಿನ ಊರುಗಳ ವಿಸ್ತರಣೆಗೆ. ಹಳೆಯ ಅಚ್ಚುಕಟ್ಟಿನ ಮೇಲೆ ನಿಂತ ನಗರಕ್ಕೆ ಸಾಲ್ಟ್ ನದಿಯ ಹಕ್ಕು ಹಾಗೆಯೇ ಇತ್ತು.

ಹೊಲಗಳು ಹೋದದ್ದರಿಂದ ನಗರ ಕಳೆದುಕೊಂಡ ಇನ್ನೊಂದು ವಸ್ತುವಿದೆ, ಅದು ರಾತ್ರಿಯ ತಂಪು. ನೀರುಣ್ಣುವ ಪೈರು ಆ ನೀರನ್ನು ಆವಿಯಾಗಿಸಿ ಹಗಲಿನ ಬಿಸಿಯನ್ನು ಕಳೆಯುತ್ತದೆ. ಡಾಂಬರು ಮತ್ತು ಕಾಂಕ್ರೀಟು ಅದನ್ನು ಹಿಡಿದಿಟ್ಟು ರಾತ್ರಿಯೆಲ್ಲ ಬಿಡುತ್ತವೆ. ಹೊಲಗಳ ನಡುವಿನ ಊರಾಗಿದ್ದಾಗ ಸೂರ್ಯ ಮುಳುಗಿದ ಮೇಲೆ ಸಿಗುತ್ತಿದ್ದ ಬಿಡುವು ಈಗ ಸಿಗುವುದಿಲ್ಲ. 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ದಾಟಿತು ಅಥವಾ ಮುಟ್ಟಿತು. ಫೀನಿಕ್ಸ್ ಇರುವ ಮರಿಕೋಪಾ ಜಿಲ್ಲೆಯಲ್ಲಿ ಆ ವರ್ಷ 645 ಜನ ಬಿಸಿಲಿನ ಕಾರಣದಿಂದ ಸತ್ತರು. ಸತ್ತವರಲ್ಲಿ ಬಹಳ ಮಂದಿ ಸೂರಿಲ್ಲದವರು. ಹವಾನಿಯಂತ್ರಣ ಯಂತ್ರವೇ ಈ ನಗರವನ್ನು ಕಟ್ಟಿತೆಂದು ಹೇಳುವಾಗ, ಆ ಯಂತ್ರದ ತಂಪು ಯಾರನ್ನು ಮುಟ್ಟುವುದಿಲ್ಲ ಎಂಬುದನ್ನೂ ಹೇಳಬೇಕು.

2025ರ ಜೂನ್ ಕೊನೆಯಲ್ಲಿ ರಾಜ್ಯಪಾಲೆ ಕೇಟಿ ಹಾಬ್ಸ್ ಸಹಿ ಹಾಕಿದ ಕಾಯ್ದೆಯೊಂದು ಈ ಹಳೆಯ ಲೆಕ್ಕವನ್ನೇ ಮತ್ತೆ ಕೈಗೆತ್ತಿಕೊಂಡಿದೆ. ಅಂಚಿನಲ್ಲಿ ಕೊಳವೆಬಾವಿಯಿಂದ ಬೇಸಾಯ ಮಾಡುತ್ತಿರುವ ರೈತ ತನ್ನ ನೀರಾವರಿಯ ಹಕ್ಕನ್ನು ಬಿಟ್ಟುಕೊಟ್ಟರೆ, ಅದರ ಒಂದು ಭಾಗವನ್ನು ಆ ನೆಲದ ಮೇಲೆ ಏಳುವ ಮನೆಗಳ ನೂರು ವರ್ಷದ ನೀರಿನ ಲೆಕ್ಕಕ್ಕೆ ಹಿಡಿಯಲು ಅದು ಅವಕಾಶ ಕೊಡುತ್ತದೆ. ಹೊಲ ಬಳಸುತ್ತಿದ್ದುದಕ್ಕಿಂತ ಮನೆಗಳು ಬಳಸುವುದು ಕಡಿಮೆಯಾದ್ದರಿಂದ ಉಳಿದ ನೀರು ನೆಲದೊಳಗೇ ಉಳಿಯುತ್ತದೆಂಬುದು ಅದರ ತರ್ಕ. ಮೇವು ಮತ್ತು ಹತ್ತಿಯ ಹೊಲಗಳನ್ನು ಮಾರಲು ಕಾದಿದ್ದ ಎಷ್ಟೋ ಕುಟುಂಬಗಳಿಗೆ ಇದು ದಾರಿ ತೆರೆದಿದೆ. ಆದರೆ ಒಮ್ಮೆ ಹೀಗೆ ಬಿಟ್ಟುಕೊಟ್ಟ ಹೊಲಕ್ಕೆ ಬದಲಾಗಿ ಪಕ್ಕದ ಬೀಳುಭೂಮಿಯಲ್ಲಿ ಇನ್ನೊಂದು ಹೊಲ ಮಾಡುವಂತಿಲ್ಲ. 1980ರ ಕಾಯ್ದೆ ಅದನ್ನು ತಡೆದಿದೆ. ಹಾಗಾಗಿ ಈ ಕಣಿವೆಯಲ್ಲಿ ಇನ್ನು ಮನೆಗಳಾಗಿ ಬದಲಾಗಬಲ್ಲ ಹೊಲಗಳು ಎಷ್ಟಿವೆಯೋ ಅಷ್ಟೇ.